ಮುರಿಯುವ ಕತ್ತಿ, ಬದುಕುವ ಕಮ್ಮಾರ: ಆನ್‌ಲೈನ್ ಆಟಗಳಲ್ಲಿ ಕ್ರಾಫ್ಟಿಂಗ್

ರೂನ್‌ಸ್ಕೇಪ್ ಆಟದ ಮಾರುಕಟ್ಟೆಯಲ್ಲಿ ಬೆಲೆಗಳ ಮೇಲೆ ಕಣ್ಣಾಡಿಸುವ ಹೊಸಬರಿಗೆ ಮೊದಲು ಒಗಟಾಗುವುದು ಕಮ್ಮಾರಿಕೆಯ ಲೆಕ್ಕ. ಒಂದು ಎದೆಗವಚ ಬಡಿಯಲು ಐದು ಲೋಹದ ಗಟ್ಟಿ ಬೇಕು. ಆ ಐದು ಗಟ್ಟಿಗಳನ್ನು ಹಾಗೇ ಮಾರಿದರೆ ಬರುವ ದುಡ್ಡು, ಅವುಗಳಿಂದ ಮಾಡಿದ ಕವಚ ಮಾರಿದಾಗ ಬರುವುದಕ್ಕಿಂತ ಎಷ್ಟೋ ಬಾರಿ ಹೆಚ್ಚು. ಕೆಲಸಕ್ಕೆ ಕೂಲಿ ಹುಟ್ಟುವುದಿರಲಿ, ಕೈಯಿಂದಲೇ ಹೋಗುತ್ತದೆ. ಆದರೂ ಕುಲುಮೆಯ ಮುಂದೆ ಜನ ನೆರೆದೇ ಇರುತ್ತಾರೆ, ಬಡಿಯುತ್ತಲೇ ಇರುತ್ತಾರೆ.

ಅವರು ಕೊಳ್ಳುತ್ತಿರುವುದು ಕವಚವನ್ನಲ್ಲ, ಎಕ್ಸ್‌ಪಿಯನ್ನು, ಅಂದರೆ ಅನುಭವಾಂಕವನ್ನು. ಕಮ್ಮಾರಿಕೆಯಲ್ಲಿ 99ನೇ ಲೆವೆಲ್ ಮುಟ್ಟಲು ಒಟ್ಟು 1,30,34,431 ಅನುಭವಾಂಕ ಬೇಕು. ಒಂದು ಉಕ್ಕಿನ ಎದೆಗವಚಕ್ಕೆ ಸಿಗುವುದು 187.5. ಆ ಒಂದೇ ಸರಕನ್ನು ಬಡಿಯುತ್ತ ಹೋದರೆ ಒಬ್ಬ ಆಟಗಾರ ತುದಿ ಮುಟ್ಟುವ ಹೊತ್ತಿಗೆ ಸುಮಾರು 69 ಸಾವಿರ ಕವಚ ತಯಾರಾಗಿರುತ್ತವೆ. ಅಷ್ಟು ಕವಚ ತೊಡುವ ಜನ ಎಲ್ಲಿದ್ದಾರೆ? ಯಾರಿಗೂ ಬೇಡವಾದ ಸರಕು ಕಲಿಕೆಯ ಬೂದಿಯಂತೆ ಮಾರುಕಟ್ಟೆಯಲ್ಲಿ ಗುಡ್ಡೆ ಬೀಳುತ್ತದೆ, ಬೆಲೆ ನೆಲ ಕಚ್ಚುತ್ತದೆ. ಇದೇ ಆಟದಲ್ಲಿ ಇನ್ನೊಂದು ವಿಪರೀತವೂ ಬಹಳ ವರ್ಷ ಇತ್ತು. ರೂನ್ ಲೋಹದ ಎದೆಗವಚ ತೊಡಲು ರಕ್ಷಣೆಯಲ್ಲಿ 40ನೇ ಲೆವೆಲ್ ಸಾಕು, ಮಾಡಲು ಮಾತ್ರ ಕಮ್ಮಾರಿಕೆಯಲ್ಲಿ 99 ಬೇಕು. ಜೀವನವಿಡೀ ಕಲಿತು ಉತ್ತುಂಗಕ್ಕೇರಿದ ಕಮ್ಮಾರ ಮಾಡುವ ವಸ್ತುವನ್ನು ನಡುದಾರಿಯ ಯೋಧ ತೊಟ್ಟು ಬಿಸಾಡಿ ಮುಂದೆ ಹೋಗಿರುತ್ತಿದ್ದ. ತಯಾರಕರಾದ ಜ್ಯಾಗೆಕ್ಸ್ ಇದನ್ನು ಸರಿಪಡಿಸಿದ್ದು 2019ರ ಜನವರಿಯಲ್ಲಿ, ಅದೂ ಆಟದ ಹೊಸ ಆವೃತ್ತಿಯಲ್ಲಿ ಮಾತ್ರ.

ಈ ಒಗಟನ್ನು ಮೊದಲಿಗೇ ಇಟ್ಟದ್ದಕ್ಕೆ ಕಾರಣವಿದೆ. ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳ ಕ್ರಾಫ್ಟಿಂಗ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ರೆಸಿಪಿಯಿಂದ ಶುರು ಮಾಡುತ್ತಾರೆ: ಎಷ್ಟು ಅದಿರು, ಎಷ್ಟು ಚರ್ಮ, ಯಾವ ಗಿಡಮೂಲಿಕೆ, ಎಷ್ಟನೇ ಲೆವೆಲ್. ಅದು ಗೊತ್ತಾದರೆ ವಸ್ತು ಮಾಡಬಹುದು, ವ್ಯವಸ್ಥೆ ಅರ್ಥವಾಗುವುದಿಲ್ಲ. ಕಾಲು ಶತಮಾನದ ಆಟಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಪ್ರಶ್ನೆಗಳೇ ಮುಖ್ಯ ಎನ್ನಿಸುತ್ತದೆ. ಮಾಡಿದ ವಸ್ತು ಕೊನೆಗೆ ಎಲ್ಲಿ ಹೋಗುತ್ತದೆ, ಹೇಗೆ ಸಾಯುತ್ತದೆ? ಮಾಡುವವರ ಬುದ್ಧಿಗೆ ಎಲ್ಲಿ ಜಾಗವಿದೆ? ಮೊದಲನೆಯದಕ್ಕೆ ಉತ್ತರವಿಲ್ಲದ ಆಟದಲ್ಲಿ ಕಸುಬುದಾರರಿಗೆ ಗಿರಾಕಿ ಇರುವುದಿಲ್ಲ. ಎರಡನೆಯದಕ್ಕೆ ಉತ್ತರವಿಲ್ಲದ ಆಟದಲ್ಲಿ ಅವರಿಗೆ ಹೆಸರು ಇರುವುದಿಲ್ಲ.

ಮೊದಲ ಪ್ರಶ್ನೆ 1997ರಷ್ಟು ಹಳೆಯದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಗಣಿಗಾರ, ಕಮ್ಮಾರ, ದರ್ಜಿ, ಬಡಗಿ ಎಲ್ಲರೂ ಇದ್ದರು. ಕೆಲಸ ಮಾಡಿದಷ್ಟೂ ಕೈ ಪಳಗುತ್ತಿತ್ತು. ಸ್ಕಿಲ್ 100 ಮುಟ್ಟಿದ ಗ್ರ್ಯಾಂಡ್‌ಮಾಸ್ಟರ್ ಕಮ್ಮಾರ ಉತ್ಕೃಷ್ಟ ವಸ್ತುವಿನ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಬಹುದಿತ್ತು. ರಿಚರ್ಡ್ ಗ್ಯಾರಿಯಟ್ ಅವರ ಆ ತಂಡಕ್ಕೆ ಮೊದಲು ಇದ್ದ ಯೋಜನೆ ಮುಚ್ಚಿದ ಅರ್ಥವ್ಯವಸ್ಥೆ. ಲೋಕದಲ್ಲಿ ಇರುವ ಒಟ್ಟು ಸಂಪನ್ಮೂಲ ಇಷ್ಟೇ ಎಂದು ನಿಗದಿ. ಅದು ಅದಿರಾಗಿ, ಕತ್ತಿಯಾಗಿ, ಮುರಿದಾಗ ಮತ್ತೆ ಮಣ್ಣಾಗಿ ಸುತ್ತಬೇಕು. ಆಟಗಾರರು ಸುತ್ತಲು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿಟ್ಟರು. ಲೋಕದಲ್ಲಿ ಹೊಸದು ಹುಟ್ಟಲು ಏನೂ ಉಳಿಯಲಿಲ್ಲ. ಕೊನೆಗೆ ನಲ್ಲಿ ತೆರೆಯಬೇಕಾಯಿತು: ಒಂದು ಕಡೆಯಿಂದ ಸಂಪನ್ಮೂಲ ಸುರಿಯುವುದು, ಇನ್ನೊಂದು ಕಡೆ ಚರಂಡಿಯಿಂದ ಹರಿದು ಹೋಗುವುದು. ಈ ಆಟದ ಅರ್ಥಶಾಸ್ತ್ರವನ್ನು ವಿಶ್ಲೇಷಿಸಿದ ಜಾಕರಿ ಬೂತ್ ಸಿಂಪ್ಸನ್ ಈ ನಲ್ಲಿ ಮತ್ತು ಚರಂಡಿಯ ಮಾದರಿಯನ್ನು ವಿವರವಾಗಿ ಬರೆದಿದ್ದಾರೆ. ಅಂದಿನಿಂದ ಇಂದಿನವರೆಗೆ ಬಂದ ಬಹುಪಾಲು ಆಟಗಳ ವಿನ್ಯಾಸಕರು ನಲ್ಲಿಯನ್ನು ಸುಲಭವಾಗಿ ಜೋಡಿಸಿದ್ದಾರೆ. ಚರಂಡಿ ಕಟ್ಟುವಾಗ ಹಿಂಜರಿದಿದ್ದಾರೆ, ಏಕೆಂದರೆ ತನ್ನ ವಸ್ತು ಕಳೆದುಕೊಂಡ ಆಟಗಾರ ಸಿಟ್ಟಾಗುತ್ತಾನೆ. ಅವನ ಸಿಟ್ಟಿಗೆ ಹೆದರಿ ಕತ್ತಿಯನ್ನು ಅಮರ ಮಾಡಿದ ಆಟದಲ್ಲೆಲ್ಲ ಕಮ್ಮಾರ ಕೆಲಸ ಕಳೆದುಕೊಂಡಿದ್ದಾನೆ.

ಅಲ್ಟಿಮಾದ ಮುಖ್ಯ ವಿನ್ಯಾಸಕರಾಗಿದ್ದ ರಾಫ್ ಕೋಸ್ಟರ್ ಮುಂದೆ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ಗೆ ಕ್ರಿಯೇಟಿವ್ ಡೈರೆಕ್ಟರ್ ಆದರು. 2003ರ ಜೂನ್‌ನಲ್ಲಿ ಬಿಡುಗಡೆಯಾದ ಈ ಆಟದ ಕ್ರಾಫ್ಟಿಂಗ್ ಬಗ್ಗೆ ಕೊಂಚ ನಿಧಾನವಾಗಿ ಹೇಳಬೇಕು. ಇಷ್ಟು ಆಳವಾದ ವ್ಯವಸ್ಥೆಯನ್ನು ಆಮೇಲೆ ಯಾವ ದೊಡ್ಡ ಕಂಪನಿಯೂ ಪೂರ್ತಿಯಾಗಿ ಕಟ್ಟುವ ಧೈರ್ಯ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಕಬ್ಬಿಣ ಎಂದರೆ ಬರೀ ಕಬ್ಬಿಣವಲ್ಲ. ಟಾಟೂಯಿನ್ ಗ್ರಹದ ಯಾವುದೋ ಮೂಲೆಯಲ್ಲಿ ಒಂದು ವಾರ ಒಂದು ಬಗೆಯ ಉಕ್ಕು ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರ್ ಅದಕ್ಕೊಂದು ಹೆಸರು ಹುಟ್ಟಿಸುತ್ತದೆ, ಗುಣಗಳನ್ನೂ ಹಂಚುತ್ತದೆ: ಒಟ್ಟು ಗುಣಮಟ್ಟ, ವಿದ್ಯುತ್ ವಾಹಕತೆ, ಬಗ್ಗುವ ಗುಣ, ಗಟ್ಟಿತನ, ಶಾಖ ತಡೆಯುವ ಶಕ್ತಿ, ಸವೆತ ತಡೆಯುವ ಶಕ್ತಿ, ಹೀಗೆ. ಪ್ರತಿಯೊಂದಕ್ಕೂ 1ರಿಂದ 1,000ದೊಳಗೆ ಒಂದು ಅಂಕ. ಕೆಲವು ದಿನಗಳಲ್ಲಿ ಆ ಉಕ್ಕು ನೆಲದಿಂದ ಮಾಯವಾಗುತ್ತದೆ. ಅದೇ ಉಕ್ಕು ಮತ್ತೆಂದೂ ಬರುವುದಿಲ್ಲ. ಒಳ್ಳೆಯ ಬಂದೂಕು ಮಾಡುವವನಿಗೆ ಬೇಕಾದ ಉಕ್ಕಿನಲ್ಲಿ ಯಾವ ಗುಣ ಮುಖ್ಯ ಎಂಬುದನ್ನು ರೆಸಿಪಿಯೇ ಹೇಳುತ್ತದೆ. ಕಸುಬುದಾರ ಸರ್ವೇ ಉಪಕರಣ ಹಿಡಿದು ಮರಳುಗಾಡಿನಲ್ಲಿ ಅಲೆಯುತ್ತಾನೆ, ಎಲ್ಲಿ ಸಾಂದ್ರತೆ ಹೆಚ್ಚು ಎಂದು ಅಳೆಯುತ್ತಾನೆ, ಅಲ್ಲಿ ಅಗೆಯುವ ಯಂತ್ರ ನಿಲ್ಲಿಸುತ್ತಾನೆ. ಯಂತ್ರಕ್ಕೆ ವಿದ್ಯುತ್ತು ಹಾಕಬೇಕು, ನಿರ್ವಹಣೆಗೆ ದುಡ್ಡು ಕಟ್ಟಬೇಕು. ಹೀಗೆ ಕೂಡಿಟ್ಟ ಅಪರೂಪದ ಲೋಹ ಒಬ್ಬೊಬ್ಬನ ಉಗ್ರಾಣದಲ್ಲಿ ವರ್ಷಗಟ್ಟಲೆ ಇರುತ್ತಿತ್ತು. ಯಾವ ಗಿರಾಕಿಗೆ, ಯಾವ ಸರಕಿಗೆ ಅದನ್ನು ಖರ್ಚು ಮಾಡಬೇಕು ಎಂಬುದೇ ದೊಡ್ಡ ತೀರ್ಮಾನ.

ಜೋಡಿಸಿದ ಮೇಲೆ ಪ್ರಯೋಗದ ಹಂತ. ಕಸುಬುದಾರನ ಬಳಿ ಇರುವುದು ಕೆಲವೇ ಪ್ರಯೋಗಾಂಕಗಳು. ಅವನ್ನು ಹೊಡೆತದ ಬಲಕ್ಕೆ ಹಾಕಬೇಕೋ, ವೇಗಕ್ಕೋ, ಬಾಳಿಕೆಗೋ? ಒಂದೇ ಸಲಕ್ಕೆ ಎಲ್ಲವನ್ನೂ ಸುರಿದರೆ ಕೆಡುವ ಅಪಾಯ ಹೆಚ್ಚು. ಲೋಹದ ಗುಣ ಎಷ್ಟಿದೆಯೋ ಪ್ರಯೋಗದ ಮಿತಿಯೂ ಅಷ್ಟೇ, ಕಳಪೆ ಉಕ್ಕಿನಿಂದ ಎಂಥ ಕೈಯೂ ಉತ್ತಮ ಬಂದೂಕು ತೆಗೆಯಲಾರದು. ಸರಿಯಾದ ಮಾದರಿ ಸಿಕ್ಕಿದಾಗ ಅದನ್ನು ನಕ್ಷೆಯಾಗಿ ಉಳಿಸಿ ಕಾರ್ಖಾನೆಗೆ ಹಾಕಿದರೆ ತದ್ರೂಪಿ ಸರಕು ಸಾಲಾಗಿ ಹೊರಬರುತ್ತದೆ. ಆ ಸರಕು ಬಳಸಿದಂತೆ ಸವೆಯುತ್ತದೆ, ಕೊನೆಗೊಂದು ದಿನ ಕೆಲಸಕ್ಕೆ ಬಾರದಾಗುತ್ತದೆ, ಗಿರಾಕಿ ಮರಳಿ ಅದೇ ಅಂಗಡಿಗೆ ಬರುತ್ತಾನೆ. ಅಂಗಡಿಗಳು ಆಟಗಾರರೇ ಕಟ್ಟಿದ ಊರುಗಳಲ್ಲಿದ್ದವು. ಒಂದು ಸರ್ವರ್‌ನಲ್ಲಿ ಯಾರ ಬಂದೂಕು ಒಳ್ಳೆಯದು, ಯಾರ ಕವಚ ಬಾಳುತ್ತದೆ ಎಂಬುದು ಜನರ ಬಾಯಲ್ಲಿರುತ್ತಿತ್ತು. ಒಮ್ಮೆಯೂ ಆಯುಧ ಎತ್ತದೆ, ಬರೀ ವ್ಯಾಪಾರದಿಂದಲೇ ಹೆಸರು ಮಾಡಿದ ಆಟಗಾರರಿದ್ದರು.

2005ರ ನವೆಂಬರ್‌ನಲ್ಲಿ ಎನ್‌ಜಿಇ ಎಂಬ ಬದಲಾವಣೆ ಬಂತು. ಮೂವತ್ತಕ್ಕೂ ಹೆಚ್ಚು ಕಸುಬುಗಳಿದ್ದ ಆಟ ಒಂದೇ ಏಟಿಗೆ 9 ವರ್ಗಗಳಿಗೆ ಇಳಿಯಿತು. ಸಿನಿಮಾದ ವೀರರಂತೆ ತಕ್ಷಣ ಹೋರಾಡಲು ಬಯಸುವ ಹೊಸ ಜನರನ್ನು ಸೆಳೆಯುವುದು ಉದ್ದೇಶ. ಅವರು ಬರಲಿಲ್ಲ, ಇದ್ದವರಲ್ಲಿ ಬಹಳ ಜನ ಬಿಟ್ಟುಹೋದರು. 2011ರ ಡಿಸೆಂಬರ್ 15ರಂದು ಸರ್ವರ್‌ಗಳು ಮುಚ್ಚಿದವು. ಅಭಿಮಾನಿಗಳು ಹಳೆಯ ರೂಪವನ್ನು ತಾವೇ ಕೋಡ್ ಬರೆದು ಮತ್ತೆ ನಿಲ್ಲಿಸಿದ್ದಾರೆ. ಆ ಶ್ರಮದ ಹಿಂದೆ ಈ ಕಸುಬುಗಳ ಮೇಲಿನ ಪ್ರೀತಿಯೂ ಇದೆ ಎಂದು ನಾನು ನಂಬುತ್ತೇನೆ.

ಅದೇ 2003ರಲ್ಲಿ ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿ ಈವ್ ಆನ್‌ಲೈನ್ ತಂದಿತು. ಇಲ್ಲಿ ಸವೆತದ ಮಾತಿಲ್ಲ, ನೇರ ನಾಶ. ಹಡಗು ಸಿಡಿದರೆ ಹೋಯಿತು. 2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ನಕ್ಷತ್ರವ್ಯೂಹದಲ್ಲಿ ನಡೆದ ಯುದ್ಧದಲ್ಲಿ ಟೈಟನ್ ದರ್ಜೆಯ 75 ಹಡಗುಗಳು ನಾಶವಾದವು. ಒಂದೊಂದನ್ನು ಕಟ್ಟಲು ಸಂಘಗಳು ತಿಂಗಳುಗಟ್ಟಲೆ ಅದಿರು ಕೂಡಿಹಾಕಿದ್ದವು. ಸೋತವರಿಗೆ ಅದು ಸಂಕಟದ ರಾತ್ರಿ. ಗಣಿಗಾರರಿಗೆ ಮತ್ತು ಹಡಗು ಕಟ್ಟುವವರಿಗೆ ಮುಂದಿನ ಹಲವು ತಿಂಗಳ ಕೆಲಸ. ಈ ಅರ್ಥವ್ಯವಸ್ಥೆಯನ್ನು ಗಮನಿಸಲೆಂದೇ ಕಂಪನಿ 2007ರಲ್ಲಿ ಎಯ್ಯೋಲ್ವರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತ್ತು.

ಈವ್‌ನಲ್ಲಿ ತಯಾರಿಕೆಯ ಗುಂಡಿ ಒತ್ತುವುದರಲ್ಲಿ ಯಾವ ಕೌಶಲವೂ ಇಲ್ಲ. ಕೌಶಲವೆಲ್ಲ ಲೆಕ್ಕದ ಪುಸ್ತಕದಲ್ಲಿದೆ. ಬ್ಲೂಪ್ರಿಂಟ್ ಒಂದನ್ನು ಸಂಶೋಧನೆಗೆ ಹಾಕಿದರೆ ಕಚ್ಚಾವಸ್ತುವಿನ ಖರ್ಚು ಹಂತಹಂತವಾಗಿ 10% ತನಕ ಇಳಿಯುತ್ತದೆ. ಒಂದು ಸಣ್ಣ ಹಡಗಿಗೆ 32,000 ಟ್ರಿಟಾನಿಯಂ ಬೇಕೆಂದಿಟ್ಟುಕೊಳ್ಳಿ. ಪೂರ್ತಿ ಸಂಶೋಧನೆಯಾದ ನಕ್ಷೆ ಇದ್ದವರಿಗೆ 28,800 ಸಾಕು. ಮಾರುಕಟ್ಟೆಯಲ್ಲಿ ಪೈಪೋಟಿ ಎಷ್ಟು ಬಿಗಿಯೆಂದರೆ ಲಾಭವೆಂಬುದು ಈ 10%ರೊಳಗೇ ಅಡಗಿರುತ್ತದೆ. ಸಂಶೋಧನೆಯಿಲ್ಲದ ನಕ್ಷೆ ಹಿಡಿದವನು ಪ್ರತಿ ಹಡಗಿಗೂ ನಷ್ಟ ಮಾಡಿಕೊಂಡು ಮಾರುತ್ತಾನೆ, ಬಹಳ ಸಲ ಅದು ಅವನಿಗೆ ಗೊತ್ತೂ ಆಗುವುದಿಲ್ಲ. ಏಕೆಂದರೆ ಅವನ ಲೆಕ್ಕದಲ್ಲಿ ತಾನೇ ಅಗೆದ ಅದಿರು ಪುಕ್ಕಟೆ. ಸ್ವಂತ ಹೊಲದ ಜೋಳವೆಂದು ರೊಟ್ಟಿಗೆ ಹಿಟ್ಟಿನ ಖರ್ಚು ಹಿಡಿಯದ ಖಾನಾವಳಿಯ ಹಾಗೆ. ಆ ಅದಿರನ್ನು ಹಾಗೇ ಮಾರಿದ್ದರೆ ಬರುತ್ತಿದ್ದ ದುಡ್ಡೇ ಅದರ ನಿಜವಾದ ಖರ್ಚು. ಯಾವ ಆಟವಾದರೂ ಸರಿ, ಕ್ರಾಫ್ಟಿಂಗ್ ಕಲಿಯುವವರು ಮೊದಲು ಮನಸ್ಸಿಗೆ ಹಾಕಿಕೊಳ್ಳಬೇಕಾದ ಲೆಕ್ಕ ಇದು.

ಬರ್ಲಿನ್‌ನ ಸ್ಯಾಂಡ್‌ಬಾಕ್ಸ್ ಇಂಟರ್ಯಾಕ್ಟಿವ್ 2017ರಲ್ಲಿ ತಂದ ಆಲ್ಬಿಯನ್ ಆನ್‌ಲೈನ್ ಈ ದಾರಿಯನ್ನೇ ಇನ್ನೂ ಮುಂದಕ್ಕೆ ಒಯ್ದಿತು. ಸೈನಿಕನ ಮೈಮೇಲಿನ ಬಹುತೇಕ ಪ್ರತಿ ವಸ್ತುವೂ ಯಾರೋ ಆಟಗಾರ ಮಾಡಿದ್ದು. ಅಪಾಯದ ವಲಯದಲ್ಲಿ ಸತ್ತರೆ ಎಲ್ಲವೂ ಕೊಂದವರ ಪಾಲು, ಅದರಲ್ಲೂ ಒಂದಷ್ಟು ನುಚ್ಚುನೂರಾಗಿ ಲೋಕದಿಂದಲೇ ಮಾಯ. ರಾಕ್ಷಸರನ್ನು ಕೊಂದಾಗ ಸಿಗುವ ಆಯುಧಗಳು ಗಾಳಿಯಿಂದ ಹುಟ್ಟುವುದಿಲ್ಲ. ಕೇರ್‌ಲಿಯಾನ್ ನಗರದ ಕಾಳಸಂತೆ ಅವನ್ನು ಕಸುಬುದಾರರಿಂದಲೇ ಕೊಂಡು ರಾಕ್ಷಸರ ಗಂಟಿಗೆ ಸೇರಿಸುತ್ತದೆ. ಲೂಟಿಗೂ ತಯಾರಿಕೆಗೂ ಇರುವ ಹಳೆಯ ಜಗಳಕ್ಕೆ ಇದಕ್ಕಿಂತ ಜಾಣ ಪರಿಹಾರ ನಾನು ಕಂಡಿಲ್ಲ. ಊರಿಗೊಂದು ವಿಶೇಷವೂ ಇದೆ. ಥೆಟ್‌ಫರ್ಡ್‌ನಲ್ಲಿ ಅದಿರು ಕರಗಿಸಿದರೆ ಲಾಭ, ಮಾರ್ಟ್‌ಲಾಕ್‌ನಲ್ಲಿ ಚರ್ಮ ಹದ ಮಾಡಿದರೆ, ಫೋರ್ಟ್ ಸ್ಟರ್ಲಿಂಗ್‌ನಲ್ಲಿ ಮರ ಕೊಯ್ದರೆ. ಹೀಗಾಗಿ ಸರಕು ಊರಿಂದೂರಿಗೆ ಸಾಗಲೇಬೇಕು, ದಾರಿಯಲ್ಲಿ ದರೋಡೆಕೋರರು ಕಾಯಲೇಬೇಕು. ಕೆಲಸ ಮಾಡಿದಾಗ ಕಚ್ಚಾವಸ್ತುವಿನ ಒಂದು ಪಾಲು ಮರಳಿ ಕೈಗೆ ಬರುತ್ತದೆ. 15% ಮರಳಿದರೆ 100 ಹಲಗೆ 115ರ ಕೆಲಸ ಮಾಡುತ್ತವೆ ಎಂದು ಹೊಸಬರು ಭಾವಿಸುತ್ತಾರೆ. ಮರಳಿದ್ದರಲ್ಲೂ ಮತ್ತೆ 15% ಮರಳುತ್ತದೆ, ಆದ್ದರಿಂದ 100ನ್ನು 0.85ರಿಂದ ಭಾಗಿಸಬೇಕು, ಉತ್ತರ 117ಕ್ಕೂ ಹೆಚ್ಚು. ಮರಳುವ ಪ್ರಮಾಣ 40%ಕ್ಕೆ ಏರಿದಾಗ ಇದೇ ಲೆಕ್ಕ 166ಕ್ಕೂ ಹೆಚ್ಚಾಗುತ್ತದೆ. 2021ರಲ್ಲಿ ಮೊಬೈಲಿಗೆ ಬಂದ ಕಾರಣ, ದೊಡ್ಡ ಕಂಪ್ಯೂಟರ್ ಇಲ್ಲದ ನಮ್ಮೂರಿನ ಹುಡುಗ ಹುಡುಗಿಯರಿಗೂ ಇಂಥ ಅರ್ಥವ್ಯವಸ್ಥೆಯ ಬಾಗಿಲು ತೆರೆದಿದೆ.

ಇಲ್ಲಿಗೆ ಮೊದಲ ಪ್ರಶ್ನೆ ಸಾಕು. ಎರಡನೆಯದು ಮಾಡುವವರ ಬುದ್ಧಿಯದು. 1999ರ ಎವರ್‌ಕ್ವೆಸ್ಟ್‌ನಲ್ಲಿ ಒಲೆಗೋ ಕುಲುಮೆಗೋ ಸಾಮಾನು ಹಾಕಿ ಗುಂಡಿ ಒತ್ತಬೇಕು. ಗೆದ್ದರೆ ವಸ್ತು, ಸೋತರೆ ಸಾಮಾನು ಹಾಳು. ಒಂದು ಮಟ್ಟ ದಾಟಿದ ಮೇಲೆ ಆ ರೆಸಿಪಿಯಿಂದ ಕಲಿಯಲು ಏನೂ ಉಳಿಯುವುದಿಲ್ಲ. ಈ ಅಚ್ಚೇ ಮುಂದೆ ಬಹುಪಾಲು ಆಟಗಳಿಗೆ ಮಾದರಿಯಾಯಿತು. 2014ರ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಬುದ್ಧಿಯ ಜಾಗದಲ್ಲಿ ಕಾಯುವಿಕೆಯನ್ನು ಇಟ್ಟಿತು. ಒಂದು ಆಯುಧದ ಮೊದಲ ಲಕ್ಷಣದ ಸಂಶೋಧನೆಗೆ 6 ಗಂಟೆ, ಮುಂದಿನದಕ್ಕೆ ಅದರ ಎರಡರಷ್ಟು, ಹೀಗೆ ದುಪ್ಪಟ್ಟಾಗುತ್ತ ಕೊನೆಯ ಲಕ್ಷಣಗಳಿಗೆ ವಾರಗಳೇ ಹಿಡಿಯುತ್ತವೆ. ತಾಳ್ಮೆಗೆ ಬೆಲೆ ಕಟ್ಟಿದಂತಾಯಿತು, ಕೈಗುಣಕ್ಕೆ ಅಲ್ಲ.

ಗುಂಡಿ ಒತ್ತಿ ಕಾಯುವ ಕಡೆ ಮನುಷ್ಯನ ಮನಸ್ಸು ಏನು ಮಾಡುತ್ತದೆ ಎಂಬುದಕ್ಕೆ 2002ರ ಫೈನಲ್ ಫ್ಯಾಂಟಸಿ 11 ಸಾಕ್ಷಿ. ಸ್ಫಟಿಕ ಹಿಡಿದು ವಸ್ತು ಬೆಸೆಯುವಾಗ ಅಪರೂಪಕ್ಕೊಮ್ಮೆ ಹೆಚ್ಚಿನ ದರ್ಜೆಯದು ಹೊರಬರುತ್ತಿತ್ತು. ಕಾರಣವನ್ನು ಕಂಪನಿ ಬಿಡಿಸಿ ಹೇಳಲಿಲ್ಲ. ಆಟಗಾರರು ತಾವೇ ಶಾಸ್ತ್ರ ಕಟ್ಟಿಕೊಂಡರು: ಬೆಂಕಿಯ ಸ್ಫಟಿಕಕ್ಕೆ ಯಾವ ದಿಕ್ಕಿಗೆ ಮುಖ ಮಾಡಬೇಕು, ಆಟದೊಳಗಿನ ವಾರದ ಯಾವ ದಿನ ಶುಭ, ಚಂದ್ರನ ಕಲೆ ಎಷ್ಟಿರಬೇಕು. ಕಮ್ಮಾರರು ನಕ್ಷೆ ತೆರೆದು ದಿಕ್ಕು ನೋಡಿಕೊಂಡು ನಿಲ್ಲುತ್ತಿದ್ದರು. ಫಲ ಮಾಡುವವರ ಕೈಯಲ್ಲಿ ಇಲ್ಲದಾಗ ಮುಹೂರ್ತ ಹುಟ್ಟುತ್ತದೆ.

ಅದೇ ಸ್ಕ್ವೇರ್ ಎನಿಕ್ಸ್ ಕಂಪನಿಯ ಫೈನಲ್ ಫ್ಯಾಂಟಸಿ 14, 2013ರ ಮರುಹುಟ್ಟಿನ ನಂತರ, ಫಲವನ್ನು ಕೈಗೆ ಕೊಟ್ಟಿತು. ಬಡಗಿ, ಕಮ್ಮಾರ, ಕವಚಗಾರ, ಅಕ್ಕಸಾಲಿ, ಚರ್ಮಕಾರ, ನೇಕಾರ, ರಸವಾದಿ, ಅಡುಗೆಯವರು ಎಂದು ಎಂಟು ಕಸುಬುಗಳು, ಪ್ರತಿಯೊಂದಕ್ಕೂ ಯೋಧರಷ್ಟೇ ಪೂರ್ಣ ಸ್ಥಾನಮಾನ. ಒಂದು ವಸ್ತು ಮಾಡುವುದೆಂದರೆ ಇಲ್ಲಿ ಒಂದು ಸಣ್ಣ ಕಾಳಗ. ಎದುರಿಗೆ ನಾಲ್ಕು ಅಂಕಿಗಳು: ಕೆಲಸದ ಪ್ರಗತಿ, ಗುಣಮಟ್ಟ, ಬಾಳಿಕೆ, ಮತ್ತು ಕಸುಬುದಾರರ ದೇಹಶಕ್ತಿಯಂತಿರುವ ಸಿಪಿ. ಸಾಮಾನ್ಯ ಹೊಡೆತವೊಂದಕ್ಕೆ ಬಾಳಿಕೆ 10 ಇಳಿಯುತ್ತದೆ. ಪ್ರಗತಿ ತುಂಬುವ ಮೊದಲೇ ಬಾಳಿಕೆ ಸೊನ್ನೆಯಾದರೆ ಸಾಮಾನು ಹೋಯಿತು. ಗುಣಮಟ್ಟ ಏರುವ ಮೊದಲೇ ಪ್ರಗತಿ ತುಂಬಿದರೆ ವಸ್ತು ಮುಗಿಯಿತು, ಸಾಧಾರಣ ದರ್ಜೆಯದಾಗಿ.

ಕೊನೆಯ ಏಟಿನ ಲೆಕ್ಕ ನೋಡಿ. ಬೇಸಿಕ್ ಟಚ್ ಎಂಬ ಸಾಮಾನ್ಯ ಹೊಡೆತ 300 ಅಂಕ ಗುಣಮಟ್ಟ ಕೊಡುತ್ತದೆ ಎಂದುಕೊಳ್ಳೋಣ. ಹೊಡೆದಂತೆಲ್ಲ ಇನ್ನರ್ ಕ್ವೈಟ್ ಎಂಬ ಏಕಾಗ್ರತೆ ಒಂದೊಂದು ಮೆಟ್ಟಿಲು ಏರುತ್ತದೆ, ಮೆಟ್ಟಿಲಿಗೆ 10%, ಗರಿಷ್ಠ 10 ಮೆಟ್ಟಿಲು. ತುದಿಗೆ ಬಂದಾಗ ಪ್ರತಿ ಏಟಿನ ಬೆಲೆ ಎರಡರಷ್ಟು. ಈಗ ಗ್ರೇಟ್ ಸ್ಟ್ರೈಡ್ಸ್ ಹಾಕಿದರೆ ಮುಂದಿನ ಏಟಿಗೆ 100% ಸೇರುತ್ತದೆ, ಇನ್ನೊವೇಶನ್ ಹಾಕಿದರೆ ಇನ್ನೊಂದು 50%, ಒಟ್ಟು 2.5ರಷ್ಟು. ಆಮೇಲೆ ಬೈರ್‌ಗಾಟ್ಸ್ ಬ್ಲೆಸಿಂಗ್ ಎಂಬ ಕೊನೆಯ ಏಟು: ಮೂಲ 100%, ಮೆಟ್ಟಿಲಿಗೆ 20ರಂತೆ ಇನ್ನೂ 200, ಒಟ್ಟು 300%. ಮೂರನ್ನು ಎರಡರಿಂದ, ಅದನ್ನು ಎರಡೂವರೆಯಿಂದ ಗುಣಿಸಿದರೆ 15. ಶುರುವಿನಲ್ಲಿ 300 ಕೊಟ್ಟ ಕೈ ಈಗ ಒಂದೇ ಏಟಿಗೆ 4,500 ಕೊಡುತ್ತದೆ. ಅದೇ ಕ್ಷಣ ವಸ್ತುವಿನ ಸ್ಥಿತಿ ಗುಡ್ ಎಂದು ಹೊಳೆದರೆ 6,750. ಪೂರ್ ಎಂದು ಮಂಕಾದರೆ 2,250, ಇಡೀ ಸಿದ್ಧತೆಯ ಅರ್ಧ ನೀರಿಗೆ ಹೋದಂತೆ. ಎಕ್ಸಲೆಂಟ್ ಸ್ಥಿತಿ ಬಂದ ಮರುಕ್ಷಣ ಪೂರ್ ಬರುವುದು ಖಚಿತವೆಂದು ಬಲ್ಲ ಕಸುಬುದಾರರು ಆ ಪೂರ್ ಹೆಜ್ಜೆಯಲ್ಲಿ ಏಟು ಹಾಕುವುದಿಲ್ಲ. 7 ಸಿಪಿ ತೆತ್ತು ಅಬ್ಸರ್ವ್ ಮಾಡುತ್ತಾರೆ, ಅಂದರೆ ಕೈ ಕಟ್ಟಿ ಒಂದು ಹೆಜ್ಜೆ ಸುಮ್ಮನೆ ಕಳೆಯುತ್ತಾರೆ. ಹದ ಬರುವವರೆಗೆ ಕೈ ತಡೆಯುವುದನ್ನು ಸಂಖ್ಯೆಗಳಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಆಟ ಮತ್ತೊಂದಿಲ್ಲ.

ನಮ್ಮವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಈ ಆಟಕ್ಕೆ ಭಾರತದಲ್ಲಿ ಡೇಟಾ ಸೆಂಟರ್ ಇಲ್ಲ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಆಡುವವರ ಸಂಕೇತ ಜಪಾನಿಗೋ ಯುರೋಪಿಗೋ ಹೋಗಿ ಬರಬೇಕು. ಗುಂಪಾಗಿ ದೊಡ್ಡ ಬಾಸ್ ಜೊತೆ ಕಾದಾಡುವ ರೇಡ್‌ನಲ್ಲಿ ಆ ತಡ ಪ್ರಾಣಕ್ಕೆ ಬರುತ್ತದೆ. ಕ್ರಾಫ್ಟಿಂಗ್‌ನಲ್ಲಿ ಪ್ರತಿ ಹೆಜ್ಜೆಯೂ ನಮ್ಮ ಅಪ್ಪಣೆಗೆ ಕಾಯುತ್ತದೆ, ತಡವಾದರೆ ನಷ್ಟವಿಲ್ಲ.

ಕೊರತೆಯೂ ಇದೆ. ಹೆಜ್ಜೆಗಳನ್ನು 15 ಸಾಲಿನ ಮ್ಯಾಕ್ರೋದಲ್ಲಿ ಬರೆದಿಟ್ಟರೆ ಗುಂಡಿ ಒಂದೇ ಸಲ ಒತ್ತಿದರೆ ಸಾಕು. ಯಾವ ಕ್ರಮ ಉತ್ತಮವೆಂದು ಹೇಳುವ ಸಿಮ್ಯುಲೇಟರ್‌ಗಳೂ ಉಂಟು. ಯಾರೋ ಒಬ್ಬರು ಬಿಡಿಸಿದ ಲೆಕ್ಕವನ್ನು ಉಳಿದವರೆಲ್ಲ ನಕಲು ಹೊಡೆದರೆ ಬುದ್ಧಿ ಮತ್ತೆ ಹೊರಗೆ ಹೋಯಿತು. ಇಶ್‌ಗಾರ್ಡ್ ನಗರದ ಪುನರ್ನಿರ್ಮಾಣದ ಕಾಲಕ್ಕೆ, 2020ರ ಸುಮಾರಿಗೆ, ಎಕ್ಸ್‌ಪರ್ಟ್ ರೆಸಿಪಿಗಳೆಂಬ ಹೊಸ ಬಗೆ ಬಂದದ್ದು ಇದಕ್ಕೇ. ಅಲ್ಲಿ ಸ್ಥಿತಿ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಒಂದು ಸಲ ಬಾಳಿಕೆ ಉಳಿಯುವಂತೆ, ಇನ್ನೊಂದು ಸಲ ಸಿಪಿ ಉಳಿಯುವಂತೆ. ಮ್ಯಾಕ್ರೋ ಕೆಲಸಕ್ಕೆ ಬಾರದು, ನೋಡಿಕೊಂಡೇ ಮಾಡಬೇಕು. ಯೋಧರು ದೊಡ್ಡ ಬಾಸ್ ಕೊಂದದ್ದನ್ನು ಹೇಳಿಕೊಳ್ಳುವ ಹಾಗೆ ಇಂಥ ವಸ್ತು ಮುಗಿಸಿದ್ದನ್ನು ಹೇಳಿಕೊಳ್ಳುವ ಕಸುಬುದಾರರಿದ್ದಾರೆ. ಅದು ಅವರಿಗೆ ಸಲ್ಲಬೇಕಾದದ್ದೇ.

ಬುದ್ಧಿಗೂ ಅದೃಷ್ಟಕ್ಕೂ ನಡುವೆ ನಿಂತದ್ದು ನ್ಯೂಜಿಲೆಂಡಿನ ಪಾತ್ ಆಫ್ ಎಕ್ಸೈಲ್, 2013ರದು. ಇಲ್ಲಿ ಬಹಳ ವರ್ಷ ಚಿನ್ನದ ನಾಣ್ಯವೇ ಇರಲಿಲ್ಲ. ಆಯುಧದ ಗುಣ ಬದಲಿಸುವ ಗೋಳಗಳೇ ಹಣ. ಕೇಯಾಸ್ ಗೋಳ ಒಂದನ್ನು ಅಪರೂಪದ ಕತ್ತಿಗೆ ಮುಟ್ಟಿಸಿದರೆ ಅದರ ಗುಣಗಳೆಲ್ಲ ಅಳಿದು ಹೊಸದಾಗಿ ಬೀಳುತ್ತವೆ. ಪ್ರಯೋಗಕ್ಕೆ ಬಳಸಿದ ದುಡ್ಡು ಅಲ್ಲೇ ಸುಟ್ಟು ಹೋಗುವುದರಿಂದ ಹಣದುಬ್ಬರಕ್ಕೆ ತಾನಾಗಿಯೇ ಲಗಾಮು. ಆ ವಿನ್ಯಾಸ ನಿಜಕ್ಕೂ ಸೊಗಸು. ಆದರೆ ಆಟಗಾರರು ಸಂಭವನೀಯತೆಯಲ್ಲಿ ಎಡವುತ್ತಾರೆ. ಬೇಕಾದ ಗುಣ ನೂರರಲ್ಲಿ ಒಂದು ಸಲ ಬೀಳುತ್ತದೆ ಎಂದರೆ ನೂರು ಗೋಳಕ್ಕೆ ಸಿಕ್ಕೇ ಸಿಗುತ್ತದೆ ಎಂಬ ಅಂದಾಜು ತಪ್ಪು. ನೂರು ಸಲದಲ್ಲಿ ಸಿಗುವ ಸಾಧ್ಯತೆ ಸುಮಾರು 63%. ಮುನ್ನೂರು ಸಲಕ್ಕೆ 95%. ಅಂದರೆ ಮುನ್ನೂರು ಸುರಿದ ಮೇಲೂ ಇಪ್ಪತ್ತು ಜನರಲ್ಲಿ ಒಬ್ಬರು ಬರಿಗೈಲಿ ನಿಂತಿರುತ್ತಾರೆ. ಬಲ್ಲವರು ಹಾಗಾಗಿ ಬೇಡದ ಗುಣಗಳು ಬೀಳದಂತೆ ಮೊದಲೇ ಬೇಲಿ ಹಾಕಿಕೊಂಡು ಆಮೇಲೆ ಗೋಳ ಖರ್ಚು ಮಾಡುತ್ತಾರೆ. ಕಸುಬು ಇರುವುದು ಆ ಬೇಲಿ ಹಾಕುವುದರಲ್ಲಿ.

ಬೇಲಿಯೇ ಇಲ್ಲದ ಆಟಗಳ ಬಗ್ಗೆ ನನಗೆ ನೇರವಾದ ವಿರೋಧವಿದೆ. 1998ರ ಲಿನಿಯೇಜ್ ಕಾಲದಿಂದ ಕೊರಿಯಾದ ಆಟಗಳಲ್ಲಿ ಒಂದು ರೂಢಿ ಬೆಳೆದು ಬಂದಿದೆ. ಆಯುಧಕ್ಕೆ ಮಂತ್ರದ ಸುರುಳಿ ಹಚ್ಚಿ +1, +2 ಎಂದು ಏರಿಸುವುದು. ಒಂದು ಮಟ್ಟದವರೆಗೆ ಅಪಾಯವಿಲ್ಲ, ಅದರಾಚೆ ಹೋದರೆ ಆಯುಧವೇ ಪುಡಿಯಾಗಬಹುದು. ವಸ್ತುಗಳು ಸಾಯಬೇಕೆಂಬ ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರವೇ. ಆದರೆ ಇದರಲ್ಲಿ ಮಾಡುವವರ ತೀರ್ಮಾನವೆಂಬುದು ಇನ್ನೊಂದು ಸಲ ಹಚ್ಚಲೇ ಬೇಡವೇ ಎಂಬಷ್ಟಕ್ಕೇ ಮುಗಿಯುತ್ತದೆ, ಸುರುಳಿ ಅಂಗಡಿಯಲ್ಲಿ ನಿಜವಾದ ದುಡ್ಡಿಗೆ ಸಿಗುವಾಗ ಅದು ಜೂಜಿನ ಮೇಜಿನ ತೀರ್ಮಾನವೇ. ಮೇಪಲ್‌ಸ್ಟೋರಿಯಲ್ಲಿ ಕ್ಯೂಬ್ ಎಂಬ ವಸ್ತುವನ್ನು ಕೊಂಡು ಆಯುಧದ ಗುಣ ಬದಲಿಸುವ ವ್ಯವಸ್ಥೆ 2010ರಲ್ಲಿ ಬಂತು. ಆಟಗಾರರು ಬಯಸುವ ಗುಣಗಳು ಬೀಳುವ ಪ್ರಮಾಣವನ್ನು ಸದ್ದಿಲ್ಲದೆ ಇಳಿಸಲಾಗಿತ್ತು ಎಂದು ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ತೀರ್ಪಿತ್ತು ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ವಿಧಿಸಿತು. ಅದೇ ವರ್ಷದ ಮಾರ್ಚ್ 22ರಿಂದ, ಇಂಥ ವಸ್ತುಗಳ ಸಂಭವನೀಯತೆಯನ್ನು ಬಹಿರಂಗಪಡಿಸುವುದು ಅಲ್ಲಿ ಕಾನೂನಿನಿಂದಲೇ ಕಡ್ಡಾಯ. ನಮ್ಮಲ್ಲಿ ಚರ್ಚೆಯೆಲ್ಲ ರಮ್ಮಿಯಂಥ ಆಟಗಳ ಸುತ್ತ ನಡೆದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮುಖ್ಯ ಗುರಿಯೂ ಹಣ ಪಣಕ್ಕಿಡುವ ಆಟಗಳೇ. ಕುಲುಮೆಯ ವೇಷ ತೊಟ್ಟ ಜೂಜು ಬೇರೆ ಜಾತಿಯದು, ಅದರ ಮೇಲೂ ಕಣ್ಣಿಡುವ ಹೊತ್ತು ಬಂದಿದೆ. ಲಾಸ್ಟ್ ಆರ್ಕ್‌ನಂಥ ಆಟಗಳು ಸೋತಾಗಲೆಲ್ಲ ಒಂದಿಷ್ಟು ಅಂಕ ಕೂಡಿಡುತ್ತ ಹೋಗಿ, ಅದು 100% ಆದಾಗ ಗೆಲುವು ಖಚಿತ ಮಾಡುತ್ತವೆ. ಕನಿಷ್ಠ ಅಷ್ಟಾದರೂ ಇರಬೇಕು.

ಕೊನೆಯದಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಜನ ಕ್ರಾಫ್ಟಿಂಗ್ ಕಲಿತ ಆಟಗಳಲ್ಲೊಂದಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರ ಈ ಆಟದಲ್ಲಿ ಎರಡು ಮುಖ್ಯ ಕಸುಬು ಕಲಿಯಬಹುದು, ಅಂದಿನ ಗರಿಷ್ಠ ಸ್ಕಿಲ್ 300. ರೆಸಿಪಿಯ ಬಣ್ಣ ಕಿತ್ತಳೆ, ಹಳದಿ, ಹಸಿರು, ಬೂದು ಎಂದು ಇಳಿಯುತ್ತಿದ್ದಂತೆ ಕಲಿಯುವ ಅವಕಾಶವೂ ಇಳಿಯುತ್ತದೆ. ಬೂದು ಬಂದರೆ ಕಲಿಕೆ ಮುಗಿಯಿತು. ಸುಮಾರು 18 ವರ್ಷ ಈ ವ್ಯವಸ್ಥೆಯಲ್ಲಿ ಒಬ್ಬ ಕಮ್ಮಾರನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಬಹಳ ಕಡಿಮೆಯಿತ್ತು. ರೆಸಿಪಿ ಇದ್ದವರೆಲ್ಲ ಮಾಡುವ ಕತ್ತಿ ಒಂದೇ. ರೇಡ್‌ನಲ್ಲಿ ಬಾಸ್ ಬೀಳಿಸುವ ಆಯುಧ ಸಾಮಾನ್ಯವಾಗಿ ಅದಕ್ಕಿಂತ ಮೇಲು, ಎತ್ತಿಕೊಂಡವರಿಗಷ್ಟೇ ಅಂಟಿಕೊಂಡು ಮತ್ತೊಬ್ಬರಿಗೆ ಮಾರಲಾಗದ್ದು. ಎರಡೂ ಪ್ರಶ್ನೆಗಳಿಗೆ ಉತ್ತರ ತೆಳುವಾಗಿತ್ತು.

2022ರ ನವೆಂಬರ್‌ನ ಡ್ರ್ಯಾಗನ್‌ಫ್ಲೈಟ್ ವಿಸ್ತರಣೆಯಲ್ಲಿ ತಯಾರಕರಾದ ಬ್ಲಿಝಾರ್ಡ್ ಇದನ್ನು ಬುಡದಿಂದ ಕಿತ್ತು ಮತ್ತೆ ಕಟ್ಟಿತು. ಆಯುಧಕ್ಕೆ ಐದು ದರ್ಜೆಗಳು ಬಂದವು. ಕಸುಬುದಾರರು ಕಡಿಮೆ ಸಿಗುವ ಜ್ಞಾನಾಂಕಗಳನ್ನು ಒಂದು ಶಾಖೆಗೆ ಸುರಿದು ಪರಿಣತರಾಗಬೇಕು: ಒಬ್ಬರು ಕತ್ತಿಗೆ, ಒಬ್ಬರು ಗುರಾಣಿಗೆ. ಗಿರಾಕಿ ತನ್ನದೇ ಸಾಮಾನು ಕೊಟ್ಟು, ಕೂಲಿ ಗೊತ್ತು ಮಾಡಿ, ಇಂಥವರೇ ಮಾಡಿಕೊಡಲಿ ಎಂದು ಆರ್ಡರ್ ಹಾಕಬಹುದು. ಬೇರೆಯವರಿಗೆ ಮಾರಲಾಗದ ಸಾಮಾನೂ ಆರ್ಡರ್‌ನಲ್ಲಿ ಕೊಡಬಹುದಾದ್ದರಿಂದ ಉನ್ನತ ಮಟ್ಟದ ಆಯುಧಕ್ಕೂ ಕಮ್ಮಾರನ ಬಾಗಿಲು ತಟ್ಟಲೇಬೇಕಾಯಿತು. ಗ್ಯಾಲಕ್ಸೀಸ್‌ನಲ್ಲಿದ್ದ ಹೆಸರಿನ ವ್ಯಾಪಾರ ಬೇರೊಂದು ರೂಪದಲ್ಲಿ ಮರಳಿತು.

ಮರಳಿದ್ದು ಮೇಲಿನ ಕೆಲವರಿಗೆ. ಮೊದಲ ವಾರಗಳಲ್ಲಿ ಸರಿಯಾದ ಶಾಖೆ ಆರಿಸಿಕೊಂಡು ಮುಂದೆ ಓಡಿದವರಿಗೆ ಆರ್ಡರ್‌ಗಳ ಸುರಿಮಳೆ. ತಡವಾಗಿ ಬಂದವರ ಐದನೇ ದರ್ಜೆ ತಲುಪದ ಕತ್ತಿಯನ್ನು ಕೇಳುವವರೇ ಇಲ್ಲ. ಗಿರಾಕಿಗೆ ಅತ್ಯುತ್ತಮದ್ದೇ ಸಿಗುವಾಗ ನಡುಮಟ್ಟದ ಕೈಗೆ ಯಾರೂ ಕೆಲಸ ಕೊಡುವುದಿಲ್ಲ, ಕೆಲಸವಿಲ್ಲದೆ ಆ ಕೈ ಮೇಲಕ್ಕೆ ಏರುವುದೂ ಇಲ್ಲ. ರೂನ್‌ಸ್ಕೇಪ್‌ನಲ್ಲಿ ಕಲಿಯುವವರ ಸರಕು ಬಿದ್ದು ಕೊಳೆಯುತ್ತಿತ್ತು, ಇಲ್ಲಿ ಕಲಿಯುವ ಅವಕಾಶವೇ ಬತ್ತಿತು. 2024ರ ಆಗಸ್ಟ್‌ನಲ್ಲಿ ದಿ ವಾರ್ ವಿದಿನ್ ವಿಸ್ತರಣೆ ಬಂದಾಗ ಕಂಪನಿ ಪೇಟ್ರನ್ ಆರ್ಡರ್ ಎಂಬುದನ್ನು ಸೇರಿಸಿತು. ಆಟದೊಳಗಿನ ಕೃತಕ ಪಾತ್ರಗಳೇ ಗಿರಾಕಿಗಳಾಗಿ ಬಂದು ಇಂಥ ದರ್ಜೆಯ ವಸ್ತು ಬೇಕು ಎಂದು ಕೇಳುತ್ತವೆ, ಕೆಲವು ಸಲ ಸಾಮಾನಿನ ಒಂದು ಪಾಲನ್ನೂ ಕೊಡುತ್ತವೆ, ಮುಗಿಸಿದರೆ ಚಿನ್ನವೋ ಜ್ಞಾನಾಂಕವೋ ಸಿಗುತ್ತದೆ. ಕೊಟ್ಟ ವಸ್ತು ಅಲ್ಲಿಗೇ ಲೋಕದಿಂದ ಹೊರಗೆ. ಮನುಷ್ಯರ ಬೇಡಿಕೆ ಸಾಲದ ಕಡೆ ಯಂತ್ರದ ಬೇಡಿಕೆಯಿಂದ ಕಲಿಯುವ ಕೈಗಳನ್ನು ಸಾಕುವ ಈ ಉಪಾಯ ಆಲ್ಬಿಯನ್‌ನ ಕಾಳಸಂತೆಗೆ ಹತ್ತಿರದ್ದು. ಅಲ್ಲಿ ಯಂತ್ರ ಕೊಂಡ ಕತ್ತಿ ರಾಕ್ಷಸನ ಗಂಟಿನಿಂದ ಮತ್ತೆ ಯಾರದೋ ಸೊಂಟ ಸೇರುತ್ತದೆ, ಇಲ್ಲಿ ಹಾಗಿಲ್ಲ. ಕಲಿಯುವವರ ಕತ್ತಿ ನಿಜವಾದ ಒಬ್ಬ ಆಟಗಾರನಿಗೆ, ಅಗ್ಗವಾಗಿಯಾದರೂ, ಉಪಯೋಗಕ್ಕೆ ಬರುವಂತೆ ಮಾಡುವ ಕೆಲಸ ಈ ಆಟದಲ್ಲಿ ಇನ್ನೂ ಬಾಕಿ ಇದೆ.